24ರಿಂದ ಗುಣಿಸಿ ನೋಡಿ

ಎಲ್ಲರಿಗೂ ನಮಸ್ಕಾರ. ಹಿರಿಯರಿಗೆ, ಮಕ್ಕಳಿಗೆ, ಈ ಮಳೆಯಲ್ಲೂ ಮಕ್ಕಳನ್ನು ಮಡಿಕೇರಿವರೆಗೆ ಕರೆದುಕೊಂಡು ಬಂದ ಅಪ್ಪ ಅಮ್ಮಂದಿರಿಗೆ.

ನೀವು ಕಿಟ್‌ನಿಂದ ಜೋಡಿಸಿ ಹೊರಗಿನ ಮೇಜುಗಳ ಮೇಲೆ ಇಟ್ಟಿರುವ ಪುಟ್ಟ ಪ್ಲಾಸ್ಟಿಕ್ ಮಾಡೆಲ್ ಕಾರುಗಳನ್ನು ಬೆಳಗ್ಗೆಯೇ ಬಂದು ಒಂದೊಂದಾಗಿ ನೋಡಿದೆ. ತುಂಬಾ ಖುಷಿಯಾಯಿತು. ಎಂಜಿನ್ ಜೋಡಿಸಿರುವ ರೀತಿ, ಸೀಟಿಗೆ ಬೆಲ್ಟ್ ಹಾಕಿರುವ ರೀತಿ, ಡ್ಯಾಶ್‌ಬೋರ್ಡಿನ ಮುಳ್ಳುಗಳು, ಎಲ್ಲ ಚೆಂದ. ಆದರೆ ಬಾಡಿಯ ಬಣ್ಣದ ಹತ್ತಿರ ಬಂದಾಗ ಮನಸ್ಸು ನಿಂತುಬಿಟ್ಟಿತು. ಸುಮಾರು ಕಾರುಗಳಲ್ಲಿ ಬಣ್ಣ ದಪ್ಪ ಕೂತಿದೆ. ಬಾಗಿಲಿನ ಗೆರೆ ಅರ್ಧ ಮುಚ್ಚಿಹೋಗಿದೆ. ಕೆಲವದರ ಮೇಲೆ ಬಿಳಿ ಮಂಜು ಕವಿದಿದೆ. ಸಂಘಟಕರು ನನಗೆ ಕೊಟ್ಟ ವಿಷಯ 'ಕಿಟ್ ಆಯ್ಕೆಯಿಂದ ಪ್ರದರ್ಶನದವರೆಗೆ'. ಅದನ್ನು ಪೂರ್ತಿ ಹೇಳಲು ಆಗುವುದಿಲ್ಲ, ಕ್ಷಮಿಸಿ. ಇವತ್ತು ನಾನು ಬಣ್ಣದ ಬಗ್ಗೆಯೇ ಮಾತಾಡಬೇಕು.

ನಿಮ್ಮಲ್ಲಿ ಹೆಚ್ಚಿನವರು ಕಟ್ಟಿರುವುದು 24ಕ್ಕೆ 1ರ ಅಳತೆಯ ಕಾರು. ಕಿಟ್ ಮಾಡುವ ಕಂಪನಿ ತಮಿಯಾ ಇರಲಿ, ಹಸೆಗಾವಾ ಇರಲಿ, ಫುಜಿಮಿ ಇರಲಿ, ರಸ್ತೆ ಕಾರುಗಳಿಗೆ ಇದೇ ಮಾಮೂಲು ಅಳತೆ. ಚಕ್ರ 24ರಲ್ಲಿ ಒಂದು ಪಾಲು, ಕನ್ನಡಿ 24ರಲ್ಲಿ ಒಂದು ಪಾಲು, ಸ್ಟಿಯರಿಂಗ್ ಕೂಡ ಹಾಗೆಯೇ. ಹಾಗಾದರೆ ಬಣ್ಣ? ಬಣ್ಣ ಮಾತ್ರ ಯಾಕೆ ಪೂರ್ತಿ ಅಳತೆಯದ್ದು? ಕಂಪನಿಯವರು ಕಿಟ್ಟನ್ನು ಚಿಕ್ಕದು ಮಾಡಿ ಕೊಟ್ಟಿದ್ದಾರೆ. ಬಣ್ಣವನ್ನು ಚಿಕ್ಕದು ಮಾಡುವ ಕೆಲಸ ನಮ್ಮದು.

ಒಂದು ಲೆಕ್ಕ ಹಾಕೋಣ. ನಿಜವಾದ ಕಾರಿನಲ್ಲಿ ಬಣ್ಣಕ್ಕೆ ಮೊದಲು ಹೊಡೆಯುವ ಪ್ರೈಮರ್, ಬಣ್ಣ, ಅದರ ಮೇಲಿನ ಪಾರದರ್ಶಕ ಕ್ಲಿಯರ್ ಕೋಟ್ ಎಲ್ಲ ಸೇರಿ ಸುಮಾರು 0.1 ಮಿಲಿಮೀಟರ್, ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ. ನೀವು ಮಾಡೆಲ್ ಮೇಲೆ ಅಷ್ಟೇ ದಪ್ಪ ಹೊಡೆದಿರಿ ಅಂದುಕೊಳ್ಳಿ. 24ರಿಂದ ಗುಣಿಸಿ. 2.4 ಮಿಲಿಮೀಟರ್! ಯಾವ ಕಾರಿನ ಮೇಲೆ ಅಷ್ಟು ದಪ್ಪ ಬಣ್ಣ ಇರುತ್ತೆ, ಹೇಳಿ? ಬಾಗಿಲಿನ ಸಂದು ನಿಜವಾದ ಕಾರಿನಲ್ಲಿ 4 ಮಿಲಿಮೀಟರ್ ಇದ್ದರೆ, ಮಾಡೆಲ್‌ನಲ್ಲಿ ಸುಮಾರು 0.17. ಆ ಸಂದಿನ ಎರಡೂ ಗೋಡೆಗೆ 0.05ರಷ್ಟು ಬಣ್ಣ ಕೂತರೂ ಅರ್ಧಕ್ಕಿಂತ ಹೆಚ್ಚು ಮುಚ್ಚಿತು. ಬೆಳಗ್ಗೆ ನಾನು ನೋಡಿದ್ದು ಅದನ್ನೇ. ಇನ್ನು ತಲೆಗೂದಲು. ದಪ್ಪ ಸುಮಾರು 0.07. ಹಸಿ ಬಣ್ಣದ ಮೇಲೆ ಒಂದು ಕೂದಲು ಬಿದ್ದರೆ ಬಾನೆಟ್ ಮೇಲೆ ಒಂದೂವರೆ ಮಿಲಿಮೀಟರ್‌ಗೂ ದಪ್ಪದ ತಂತಿ ಮಲಗಿದೆ ಅಂತ ಅರ್ಥ.

ಮಳೆಗಾಲದ ಸಂಜೆ ದೀಪ ಹಾಕಿದರೆ ರೆಕ್ಕೆ ಹುಳ ಮುತ್ತುತ್ತವೆ, ನಿಮಗೆಲ್ಲ ಗೊತ್ತು. ಒಂದು ಸೆಂಟಿಮೀಟರ್ ಉದ್ದದ ಹುಳ ಬಂದು ಹಸಿ ಬಣ್ಣಕ್ಕೆ ಅಂಟಿಕೊಂಡರೆ? ಗುಣಿಸಿ. 24 ಸೆಂಟಿಮೀಟರ್. ಕಾರಿನ ಮೇಲೆ ಒಂದು ಮೈನಾ ಹಕ್ಕಿ ಅಂಟಿಕೊಂಡ ಹಾಗೆ! ಮಕ್ಕಳು ನಗುತ್ತಿದ್ದಾರೆ. ನಗಿ, ಆದರೆ ಸಂಜೆ ಹೊತ್ತು ಸ್ಪ್ರೇ ಮಾಡಬೇಡಿ.

ಹಿಂದೆ ಕೂತವರಿಗೆ ಕೇಳಿಸುತ್ತಿದೆಯಾ? ಮೇಲೆ ಶೀಟಿನ ಮೇಲೆ ಮಳೆ ಜೋರಾಗಿದೆ. ಸ್ವಲ್ಪ ಮುಂದೆ ಬಂದು ಕೂತುಕೊಳ್ಳಿ.

ಈ ಮಳೆ ವಿಷಯಕ್ಕೇ ಬರುತ್ತೇನೆ. ಕಿಟ್ ಜೊತೆ ಬರುವ ಕಾಗದದಲ್ಲಿ 'ಒಣ ದಿನದಲ್ಲಿ ಬಣ್ಣ ಹಚ್ಚಿ' ಅಂತ ಒಂದು ಸಾಲು ಇದ್ದರೆ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಒಣ ದಿನ ಎಲ್ಲಿಂದ ತರೋದು? ಕುಶಾಲನಗರದ ಕಡೆಯವರಿಗೆ ಪರವಾಗಿಲ್ಲ, ಅಲ್ಲಿ ಮಳೆ ಕಮ್ಮಿ. ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆಯವರ ಕಷ್ಟ ಬೇರೆ. ಬೀರುವಿನಲ್ಲಿಟ್ಟ ಚರ್ಮದ ಚಪ್ಪಲಿಗೆ ಬೂಸ್ಟು ಬರುವ ಊರು ಇದು.

ಇಲ್ಲಿ ನಿಮಗೆ ಒಬ್ಬ ಪೇಂಟರ್ ಅಣ್ಣನ ಕತೆ ಹೇಳಬೇಕು. ನಾನು ಬಣ್ಣದ ಬಗ್ಗೆ ಕಲಿತದ್ದರಲ್ಲಿ ಮುಕ್ಕಾಲು ಪಾಲು ಅವರಿಂದ. ಮಾಡೆಲ್ ಕಾರು ಅಂದರೆ ಏನು ಅಂತಲೇ ಅವರಿಗೆ ಗೊತ್ತಿರಲಿಲ್ಲ. ಅವರದ್ದು ನಿಜವಾದ ಗಾಡಿಗಳ ಕೆಲಸ. ಡೆಂಟಿಂಗ್, ಪೇಂಟಿಂಗ್. ತೋಟದ ಜೀಪುಗಳೇ ಜಾಸ್ತಿ. ಗ್ಯಾರೇಜ್ ಅಂದರೆ ಮೂರು ಕಡೆ ತಗಡು, ಒಂದು ಕಡೆ ಟಾರ್ಪಾಲು.

ಒಂದು ಮಳೆಗಾಲ ಒಬ್ಬ ತೋಟದ ಮಾಲೀಕರು ಜೀಪ್ ತಂದು ಬಿಟ್ಟರು. ಮನೆಯಲ್ಲಿ ಮದುವೆ, ಅಷ್ಟರೊಳಗೆ ಹಸಿರು ಬಣ್ಣ ಆಗಬೇಕು. ಅಣ್ಣ ತುಕ್ಕು ಕೆರೆದರು, ತಗ್ಗಿಗೆ ಪುಟ್ಟಿ ತುಂಬಿದರು, ಪ್ರೈಮರ್ ಹೊಡೆದರು. ಆಮೇಲೆ ಒಂದು ವಿಚಿತ್ರ ಮಾಡಿದರು. ಪ್ರೈಮರ್ ಮೇಲೆ ಕಪ್ಪು ಬಣ್ಣವನ್ನು ದೂರದಿಂದ ಸುಮ್ನೆ ಧೂಳಿನ ಹಾಗೆ ಎರಚಿದರು. ಅದು ಒಣಗಿದ ಮೇಲೆ ಮರದ ತುಂಡಿಗೆ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಉಪ್ಪುಕಾಗದ, ಸುತ್ತಿ, ನೀರು ಹಾಕಿ ಉಜ್ಜಿದರು. ಎಲ್ಲಾ ಕಡೆ ಕಪ್ಪು ಹೋಯಿತು, ಬಾಗಿಲಿನ ನಡುವೆ ಅಂಗೈಯಷ್ಟು ಜಾಗದಲ್ಲಿ ಮಾತ್ರ ಉಳಿಯಿತು. 'ನೋಡಿ, ಅಲ್ಲಿ ಇನ್ನೂ ತಗ್ಗಿದೆ' ಅಂದರು. ನನಗೆ ಏನೂ ಕಾಣಿಸಲಿಲ್ಲ. ಕಣ್ಣು ಮುಚ್ಚಿ ಕೈ ಆಡಿಸಿ ಅಂದರು. ಆಡಿಸಿದೆ. ತಗ್ಗು ಕೈಗೆ ಸಿಕ್ಕಿತು.

ಅಷ್ಟಾದ ಮೇಲೆ ಹಸಿರು ಬಣ್ಣದ ಸರದಿ. ಅಣ್ಣ ಸ್ಪ್ರೇ ಗನ್ ಮುಟ್ಟಲಿಲ್ಲ. ಬೆಳಗ್ಗೆ ಬರುವುದು, ಆಕಾಶ ನೋಡುವುದು, ಇನ್ನೊಂದು ಗಾಡಿಯ ಕೆಲಸಕ್ಕೆ ಕೂರುವುದು. ಮಾಲೀಕರಿಗೆ ತಾಳ್ಮೆ ತಪ್ಪಿತು. 'ಏನಣ್ಣಾ, ಮದುವೆ ಮುಗಿದ ಮೇಲೆ ಕೊಡ್ತೀಯಾ?' ಅಂತ ಕೇಳಿದರು. ಅಣ್ಣ ಒಂದು ಹಳೆಯ ತಗಡಿನ ತುಂಡು ತಂದರು, ಅವರ ಎದುರಿಗೇ ಹಸಿರು ಹೊಡೆದರು. ಹೊಡೆದಾಗ ಫಳಫಳ ಅನ್ನುತ್ತಿತ್ತು. ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಪೂರ್ತಿ ಬೆಳ್ಳಗೆ ಮಸುಕಾಯಿತು. ಆಗ ಅಣ್ಣ ಹೇಳಿದರು: 'ಥಿನ್ನರ್ ಹಾರುವಾಗ ತಗಡಿನ ಬಿಸಿ ಎಳ್ಕೊಂಡು ಹಾರುತ್ತೆ ಸಾವ್ಕಾರ್ರೆ. ತಗಡು ತಣ್ಣಗಾಗುತ್ತೆ. ಗಾಳಿಯ ನೀರು ಬಂದು ಬಣ್ಣದಲ್ಲಿ ಕೂರುತ್ತೆ. ಇದನ್ನ ನಿಮ್ಮ ಜೀಪಿಗೆ ಹೊಡೀಲಾ?'

ಜೀಪು ಬೂದು ಪ್ರೈಮರ್‌ನಲ್ಲೇ ಮದುವೆಗೆ ಹೋಯಿತು. ಹೂವಿನ ಹಾರ ಹಾಕಿಕೊಂಡು ಹೋಯಿತು! ಮಳೆ ಬಿಟ್ಟ ಮೇಲೆ ವಾಪಸ್ ಬಂತು, ಆಗ ಹಸಿರು ಬಿತ್ತು. ಆ ಬಾನೆಟ್‌ನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು.

ಇದನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣ ಇದೆ. ಹೊರಗಿನ ಮೇಜಿನ ಮೇಲಿರುವ ಬಿಳಿ ಮಂಜು ಆ ತಗಡಿನ ಮೇಲೆ ಬಂದ ಮಂಜೇ. ಥಿನ್ನರ್ ಹಾರಿ ಬೇಗ ಒಣಗುವ ಲ್ಯಾಕರ್ ಬಣ್ಣದ ಸ್ಪ್ರೇ ಕ್ಯಾನ್ ಇರಲಿ, ಏರ್‌ಬ್ರಷ್ ಅನ್ನುವ ಪುಟ್ಟ ಸ್ಪ್ರೇ ಗನ್ನಿನಲ್ಲಿ ಥಿನ್ನರ್ ಬೆರೆಸಿ ಹೊಡೆದದ್ದೇ ಇರಲಿ, ನಡೆಯುವುದು ಇಷ್ಟೇ. ಗಾಳಿಯ ತೇವ ಅಳೆಯುವ ಚಿಕ್ಕ ಮೀಟರ್ ಸಿಗುತ್ತದೆ, ಒಂದು ತಂದು ಗೋಡೆಗೆ ತೂಗುಹಾಕಿ. ತೇವ ಶೇಕಡಾ 70 ದಾಟಿದ್ದರೆ ನಾನು ಕ್ಯಾನ್ ಮುಟ್ಟುವುದಿಲ್ಲ. ಈಗಾಗಲೇ ಮಂಜು ಕವಿದ ಕಾರನ್ನು ಬಿಸಾಡಬೇಡಿ. ಒಣ ದಿನ ಬರಲಿ. ನಿಧಾನವಾಗಿ ಹಾರುವ ಥಿನ್ನರ್, ಅಂಗಡಿಯಲ್ಲಿ ರಿಟಾರ್ಡರ್ ಅಂತ ಕೇಳಿ, ಅದನ್ನು ಬೆರೆಸಿ ತೆಳ್ಳಗೆ ಒಂದು ಕೈ ಹೊಡೆದರೆ ಎಷ್ಟೋ ಸಲ ಮಂಜು ಕರಗಿ ಬಣ್ಣ ವಾಪಸ್ ಬರುತ್ತದೆ.

ಮತ್ತೆ ಇನ್ನೊಂದು ಮಾತು, ದೊಡ್ಡವರೂ ಕೇಳಿ. ಬೇಗ ಒಣಗಲಿ ಅಂತ ಕಾರನ್ನು, ಕ್ಯಾನನ್ನು ಅಗ್ಗಿಷ್ಟಿಕೆ ಹತ್ತಿರ ಇಡಬೇಡಿ. ಬಟ್ಟೆ ಒಣಗಿಸುವ ಜಾಗ ಅದು. ಬಣ್ಣದ ಆವಿಗೆ ಬೆಂಕಿ ತಗುಲಿದರೆ ಮನೆಯೇ ಹೋಗುತ್ತದೆ. ಕ್ಯಾನನ್ನು ಬೆಚ್ಚಗೆ ಮಾಡಬೇಕಾದರೆ ಕೈ ಇಡಬಹುದಾದಷ್ಟು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ಸಾಕು. ಕುದಿಯುವ ನೀರು ಬೇಡವೇ ಬೇಡ.

ಹಾಗಾದರೆ ಮಳೆಗಾಲದಲ್ಲಿ ಏನು ಮಾಡೋದು? ಕೈ ಕಟ್ಟಿ ಕೂರೋದಾ? ಅಲ್ಲ. ನಮ್ಮ ಆಯುಧ ಹಬ್ಬ ಕೈಲ್ ಪೊಳ್ದ್ ಈಗಷ್ಟೇ ಮುಗಿದಿದೆ. ಇಲ್ಲಿಂದ ಸುಗ್ಗಿ ಹಬ್ಬ ಪುತ್ತರಿಯವರೆಗೆ ಉಜ್ಜುವ ಕಾಲ ಅಂತ ಇಟ್ಟುಕೊಳ್ಳಿ. ಉಜ್ಜಲು ಹೇಗೂ ನೀರು ಬೇಕು, ಮಳೆ ಬಂದರೆ ಬರಲಿ. ಪುತ್ತರಿ ಹೊತ್ತಿಗೆ ಗಾಳಿ ಒಣಗಿರುತ್ತದೆ, ಆಗ ಬಣ್ಣ. ಕಾಫಿ ಕೊಯ್ಲು ಶುರುವಾದರೆ ದೊಡ್ಡವರಿಗೆ ಪುರುಸೊತ್ತು ಇರುವುದಿಲ್ಲ, ನಿಜ. ಆದರೆ ಉಜ್ಜುವ ಕೆಲಸ ಮುಗಿದಿದ್ದರೆ ಬಣ್ಣ ಹೊಡೆಯಲು ಹೆಚ್ಚು ಹೊತ್ತು ಬೇಡ.

ಉಜ್ಜುವುದು ಹೇಗೆ? ಮೊದಲು ಬಾಡಿಯನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆಯಿರಿ. ಕಾರ್ಖಾನೆಯಲ್ಲಿ ಅಚ್ಚಿನಿಂದ ಸುಲಭವಾಗಿ ಬಿಡಲಿ ಅಂತ ಹಾಕಿದ ಎಣ್ಣೆ, ನಮ್ಮ ಬೆರಳಿನ ಜಿಡ್ಡು, ಎರಡೂ ಹೋಗಬೇಕು. ಆಮೇಲೆ ಅಚ್ಚಿನ ಎರಡು ಭಾಗ ಸೇರಿದ ಕಡೆ ಸಣ್ಣ ಏಣು ಇರುತ್ತದೆ. ಮಡ್‌ಗಾರ್ಡ್ ಮೇಲೆ, ಚಾವಣಿಯ ಕಂಬದ ಮೇಲೆ ಹುಡುಕಿ. 24ರಿಂದ ಗುಣಿಸಿ, ಅದು ಎಷ್ಟು ದೊಡ್ಡ ಏಣು ಅಂತ ಗೊತ್ತಾಗುತ್ತದೆ. 600 ನಂಬರ್ ಪೇಪರಿನಿಂದ ಶುರು ಮಾಡಿ 1000ಕ್ಕೆ ಬನ್ನಿ. ಬಾಗಿಲು, ಬಾನೆಟ್, ಡಿಕ್ಕಿಯ ಗೆರೆಗಳನ್ನು ಈಗಲೇ ಗೀರುವ ಮೊನೆಯಿಂದ ಸ್ವಲ್ಪ ಆಳ ಮಾಡಿಕೊಳ್ಳಿ. ಬಣ್ಣ ಎಷ್ಟು ತೆಳ್ಳಗೆ ಹೊಡೆದರೂ ಸ್ವಲ್ಪ ತುಂಬಿಯೇ ತುಂಬುತ್ತದೆ.

ಬೂದು ಪ್ರೈಮರ್ ಹೊಡೆದ ಮೇಲೆ ಪೇಂಟರ್ ಅಣ್ಣನ ಕಪ್ಪು ಧೂಳಿನ ಉಪಾಯ ಇಲ್ಲೂ ನಡೆಯುತ್ತದೆ. ದಪ್ಪ ಪ್ಲಾಸ್ಟಿಕ್ ತಣ್ಣಗಾಗುವಾಗ ಒಳಗೆ ಎಳೆದುಕೊಂಡು ಆದ ತಗ್ಗುಗಳು ಕಪ್ಪಾಗಿ ಉಳಿಯುತ್ತವೆ. ಅಲ್ಲಿಗೆ ಪುಟ್ಟಿ, ಮತ್ತೆ ಉಜ್ಜು. ಹೊಳಪು ಅನ್ನುವುದು ಈ ಪ್ರೈಮರ್ ಹಂತದಲ್ಲೇ ತೀರ್ಮಾನ ಆಗುತ್ತದೆ. ಇಲ್ಲಿ ಒರಟು ಉಳಿದರೆ ಅದನ್ನು ಮುಚ್ಚಲು ಬಣ್ಣದ ಮೇಲೆ ಬಣ್ಣ ಹೊಡೆಯುತ್ತೀರಿ. ಆಮೇಲೆ ಗುಣಿಸಿ ನೋಡಿ, ಎಲ್ಲಿಗೆ ಬಂತು ಅಂತ.

ಒಬ್ಬರು ಬೆಳಗ್ಗೆ ಕೇಳಿದರು, ನಮ್ಮ ದಸರಾ ಮಂಟಪದ ಮೂರ್ತಿಗಳಿಗೆ ದಪ್ಪ ಬಣ್ಣವೇ ಹಚ್ಚುತ್ತಾರಲ್ಲ, ಚೆನ್ನಾಗಿಯೇ ಕಾಣುತ್ತಲ್ಲ ಅಂತ. ಒಳ್ಳೆಯ ಪ್ರಶ್ನೆ. ದಶಮಂಟಪವನ್ನು, ಅಂದರೆ ದಸರಾ ಮೆರವಣಿಗೆಯ ಆ ಹತ್ತು ಮಂಟಪಗಳನ್ನು, ನಾವು ನೋಡುವುದು ರಾತ್ರಿ, ದೂರದಿಂದ, ಬಣ್ಣದ ದೀಪದಲ್ಲಿ, ಜನರ ತಲೆಗಳ ಮೇಲಿಂದ. ಆ ಕಲಾವಿದರು ಆ ದೂರಕ್ಕೆ ತಕ್ಕ ಹಾಗೆ ಹಚ್ಚುತ್ತಾರೆ. ಅವರ ಲೆಕ್ಕ ಸರಿಯಾಗಿದೆ. ನಮ್ಮ ಕಾರನ್ನು ನೋಡುವವರು ಒಂದು ಗೇಣು ದೂರದಿಂದ, ಹಗಲು ಬೆಳಕಿನಲ್ಲಿ ನೋಡುತ್ತಾರೆ. ನಮ್ಮ ಲೆಕ್ಕ ಬೇರೆ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಸರಿ, ಬೇಗ ಬೇಗ ಹೇಳುತ್ತೇನೆ.

ಬಣ್ಣ. ಕ್ಯಾನನ್ನು ಚೆನ್ನಾಗಿ ಅಲ್ಲಾಡಿಸಿ. 20ರಿಂದ 25 ಸೆಂಟಿಮೀಟರ್ ದೂರ. ಸ್ಪ್ರೇ ಕಾರಿನ ಆಚೆಯೇ ಶುರುವಾಗಬೇಕು, ಆಚೆಯೇ ನಿಲ್ಲಬೇಕು. ಮೊದಲ ಕೈಯಲ್ಲಿ ಪ್ರೈಮರ್ ಕಾಣುತ್ತಲೇ ಇರಲಿ, ಗಾಬರಿ ಬೇಡ. ಮೂಲೆ, ಗೆರೆ, ಏಣುಗಳಿಗೆ ಮೊದಲು ಹೊಡೆದರೆ ಆಮೇಲೆ ಅಲ್ಲಿಗೆಂದೇ ಜಾಸ್ತಿ ಸುರಿಯಬೇಕಾಗುವುದಿಲ್ಲ. ಹಳದಿ, ಕೆಂಪು ಬಣ್ಣಗಳಿಗೆ ಕೆಳಗೆ ಬಿಳಿ ಅಥವಾ ಗುಲಾಬಿ ಪ್ರೈಮರ್ ಇರಲಿ. ಬೂದಿನ ಮೇಲೆ ಅವು ಮಂಕಾಗುತ್ತವೆ, ಮತ್ತೆ ದಪ್ಪ ಹೊಡೆಯುವ ಆಸೆ ಬರುತ್ತದೆ. ಕೆಂಪು ಪ್ಲಾಸ್ಟಿಕ್ ಮೇಲೆ ಬಿಳಿ ಹೊಡೆಯುವವರು ಹುಷಾರು, ಕೆಳಗಿನ ಕೆಂಪು ಮೇಲೆ ಬರುತ್ತದೆ. ನಿಧಾನವಾಗಿ ಒಣಗುವ ಎನಾಮಲ್ ಬಣ್ಣದ ಮೇಲೆ ಲ್ಯಾಕರ್ ಬೇಡ, ಸುಕ್ಕು ಬರುತ್ತದೆ. ಲ್ಯಾಕರ್ ಮೇಲೆ ಎನಾಮಲ್ ಆಗುತ್ತದೆ.

ಗ್ಯಾರೇಜಿನಿಂದ ನಿಜವಾದ ಕಾರಿನ ಮೆಟಾಲಿಕ್ ಬಣ್ಣ ತರುತ್ತೇನೆ ಅನ್ನುವವರು ಇದ್ದಾರೆ. ಕಂಪನಿಯ ಬಣ್ಣವೇ ಅಲ್ವಾ ಅಂತ. ಅದರಲ್ಲಿರುವ ಅಲ್ಯೂಮಿನಿಯಂ ಚೂರು 0.02 ಮಿಲಿಮೀಟರ್ ಇದ್ದರೂ, ಹೇಳಿ ಮಕ್ಕಳೇ, ಎಷ್ಟರಿಂದ ಗುಣಿಸಬೇಕು? ಹೌದು. ಹತ್ತಿರ ಹತ್ತಿರ ಅರ್ಧ ಮಿಲಿಮೀಟರ್. ಯಾವ ಕಾರೂ ಹಾಗೆ ಮಿನುಗುವುದಿಲ್ಲ. ಗ್ಯಾರೇಜಿನ ಥಿನ್ನರ್ ಬರೀ ಪ್ಲಾಸ್ಟಿಕ್ ಮೇಲೆ ಬಿದ್ದರೆ ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ, ಅದೂ ನೆನಪಿರಲಿ. ಎರಡು ಭಾಗ ಬೆರೆಸಿ ಹೊಡೆಯುವ ಪಿಯು (ಪಾಲಿಯುರೆಥೇನ್) ಕ್ಲಿಯರ್ ಮಕ್ಕಳ ಕೈಗೆ ಬೇಡ. ಅದರ ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಉಸಿರಾಟಕ್ಕೆ ಕೆಟ್ಟದ್ದು. ಮಾಮೂಲಿ ಲ್ಯಾಕರ್‌ಗೂ ಕಿಟಕಿ ತೆರೆದಿರಬೇಕು, ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಬಟ್ಟೆ ಮಾಸ್ಕಿನಿಂದ ಏನೂ ಪ್ರಯೋಜನ ಇಲ್ಲ.

ಕ್ಲಿಯರ್ ಹೊಡೆದ ಮೇಲೆ ಕನಿಷ್ಠ ಒಂದು ವಾರ ಬಿಡಿ. ನಮ್ಮ ಹವಾಮಾನದಲ್ಲಿ ಇನ್ನೂ ಹೆಚ್ಚು ಬಿಟ್ಟರೆ ಒಳ್ಳೆಯದು. ಮೂಗಿನ ಹತ್ತಿರ ಹಿಡಿದಾಗ ಥಿನ್ನರ್ ವಾಸನೆ ಇದೆ ಅಂದರೆ ಒಳಗೆ ಇನ್ನೂ ಒಣಗಿಲ್ಲ. ಆಮೇಲೆ 2000ದ ಪೇಪರಿನಿಂದ ನೀರು ಹಾಕಿ ಹಗುರವಾಗಿ ಉಜ್ಜಿ, ಹೊಳಪು ಕೊಡುವ ಪೇಸ್ಟು, ಅಂದರೆ ಕಂಪೌಂಡ್, ಒರಟು, ನಯ, ಅತಿ ನಯ ಅಂತ ಒಂದಾದ ಮೇಲೆ ಒಂದು. ಏಣುಗಳ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿಕೊಂಡೇ ಉಜ್ಜಿ, ಬಣ್ಣ ಮೊದಲು ಹೋಗುವುದು ಅಲ್ಲೇ.

ಇನ್ನು ಕಿಟಕಿಯ ಕಪ್ಪು ರಬ್ಬರ್, ಕ್ರೋಮ್, ಸ್ಟಿಕ್ಕರ್, ದೀಪ. ರಬ್ಬರಿಗೆ ಅರೆ ಹೊಳಪಿನ ಸೆಮಿ ಗ್ಲಾಸ್ ಕಪ್ಪೇ ಸರಿ, ಪೂರ್ತಿ ಹೊಳೆಯುವ ಕಪ್ಪು ರಬ್ಬರ್ ಅನಿಸುವುದಿಲ್ಲ. ಕ್ರೋಮ್ ಪಟ್ಟಿಗೆ ತೆಳು ಲೋಹದ ಹಾಳೆ ಅಂಟಿಸಿ. ಬಾಡಿಯ ಮೇಲೆ ಉಬ್ಬಿದ ಹೆಸರು ಇದ್ದರೆ ಬಣ್ಣಕ್ಕೆ ಮೊದಲೇ ಅದರ ಮೇಲೆ ಹಾಳೆ ಅಂಟಿಸಿ, ಬಣ್ಣ ಆದ ಮೇಲೆ ಅಕ್ಷರದ ಮೇಲಿನ ಬಣ್ಣವನ್ನು ಮಾತ್ರ ಮೆಲ್ಲಗೆ ಉಜ್ಜಿ ತೆಗೆಯಿರಿ, ಅಕ್ಷರ ಕ್ರೋಮಿನಲ್ಲಿ ಎದ್ದು ಬರುತ್ತದೆ. ದೀಪದ ಗಾಜಿಗೆ ಸೂಪರ್ ಗ್ಲೂ ಬೇಡ, ಅದರ ಆವಿಗೆ ಗಾಜು ಮಂಜಾಗುತ್ತದೆ. ಸ್ಟಿಕ್ಕರ್ ಬಗ್ಗೆ ಊಟದ ಹೊತ್ತಿಗೆ ಕೇಳಿ, ಹೇಳುತ್ತೇನೆ.

ಪಕ್ಕದ ಕೋಣೆಯಲ್ಲಿ ಪ್ರೈಮರ್ ಹೊಡೆದ ಬಾಡಿಗಳು, ಬಕೆಟ್ ನೀರು, 1000 ನಂಬರ್ ಪೇಪರ್ ಇಟ್ಟಿದ್ದೇವೆ. ಕಪ್ಪು ಧೂಳು ನಿನ್ನೆಯೇ ಹೊಡೆದಾಗಿದೆ. ತೋಳು ಮೇಲಕ್ಕೆ ಮಡಚಿಕೊಂಡು ಬನ್ನಿ, ಒಬ್ಬೊಬ್ಬರಿಗೆ ಒಂದೊಂದು ಬಾಡಿ ಕೊಡುತ್ತೇವೆ. ತಗ್ಗು ಎಲ್ಲಿದೆ ಅಂತ ಮೊದಲು ಕಣ್ಣು ಮುಚ್ಚಿ ಹುಡುಕಿ, ಆಮೇಲೆ ಉಜ್ಜಿ ನೋಡಿ. ಅಮ್ಮಂದಿರೂ ಬನ್ನಿ, ಬಕೆಟ್ ಸಾಕಷ್ಟಿವೆ.