ಕ್ರಿಪಲ್ ಕ್ರೀಕ್‌ನವರು ಕುರುಡರಾಗಿರಲಿಲ್ಲ!

ನಮಸ್ಕಾರ. ಕ್ರಿಪಲ್ ಕ್ರೀಕ್ ಅನ್ನೋ ಚಿನ್ನದ ಗಣಿ ಊರಿನ ಬಗ್ಗೆ ಮಾಡಿದ ಹಿಂದಿನ ಸಂಚಿಕೆಗೆ ಬಂದ ಒಂದು ಕಾಮೆಂಟ್ ತಲೆಯಿಂದ ಹೋಗ್ತಾನೇ ಇಲ್ಲ. "ಮೂವತ್ತು ವರ್ಷ ಚಿನ್ನದ ಮೇಲೆ ದನ ಮೇಯಿಸಿದ ದಡ್ಡರು, ಆಮೇಲೆ ಒಬ್ಬನಿಗೆ ಲಾಟರಿ ಹೊಡೀತು. ಇದರಲ್ಲಿ ಭೂವಿಜ್ಞಾನ ಏನು ಬಂತು?" ಎಲ್ಲಾ ಬಂತು ಸ್ವಾಮಿ! ಆ ಚಿನ್ನ ನೋಡೋಕೆ ಚಿನ್ನದ ಥರ ಇರಲೇ ಇಲ್ಲ.

ಜಾಗ ಅಮೆರಿಕದ ಕೊಲರಾಡೊ. ಪೈಕ್ಸ್ ಪೀಕ್ ಶಿಖರದ ಹಿಂದೆ, ಸಮುದ್ರಮಟ್ಟದಿಂದ ಸುಮಾರು 9,500 ಅಡಿ ಮೇಲೆ. 1859ರಲ್ಲಿ ಆ ಶಿಖರದ ಹೆಸರು ಹೇಳ್ಕೊಂಡೇ ಸಾವಿರಾರು ಜನ ಚಿನ್ನಕ್ಕೆ ಓಡಿ ಬಂದ್ರು. ಆದರೆ ಕ್ರಿಪಲ್ ಕ್ರೀಕ್‌ನ ಚಿನ್ನ ಗೊತ್ತಾಗಿದ್ದು 1890ರಲ್ಲಿ. ಯಾಕೆ?

ಸುಮಾರು 3 ಕೋಟಿ ವರ್ಷದ ಹಿಂದೆ ಅಲ್ಲಿನ ಹಳೇ ಗ್ರಾನೈಟನ್ನ ಸೀಳ್ಕೊಂಡು ಜ್ವಾಲಾಮುಖಿ ಎದ್ದಿತು. ಒಳಗೆಲ್ಲ ಪುಡಿಗಲ್ಲು ತುಂಬ್ಕೊಂಡಿತು. ಆ ಬಿರುಕುಗಳಲ್ಲಿ ಮೇಲೇರಿದ ಬಿಸಿ ದ್ರವ ಚಿನ್ನವನ್ನ ಬಿಡಿಯಾಗಿ ಬಿಡಲಿಲ್ಲ, ಟೆಲ್ಯೂರಿಯಂ ಅನ್ನೋ ಮೂಲವಸ್ತುವಿನ ಜೊತೆ ಕಟ್ಟಿಹಾಕ್ತು. ಆ ಖನಿಜವೇ ಕ್ಯಾಲವರೈಟ್. ತೂಕದಲ್ಲಿ ನೂರಕ್ಕೆ 43 ಪಾಲು ಚಿನ್ನ, ಆದರೆ ಬಣ್ಣ ಹಿತ್ತಾಳೆಯದೋ ಮಂಕು ಬೆಳ್ಳಿಯದೋ. ಪಕ್ಕದಲ್ಲಿ ಫ್ಲೋರೈಟ್ ಅನ್ನೋ ನೇರಳೆ ಖನಿಜ. ಎಷ್ಟೋ ಕಡೆ ಸಿರ, ಅಂದ್ರೆ ಬಿರುಕಿನಲ್ಲಿ ತುಂಬಿದ ಅದಿರಿನ ಎಳೆ, ಬೆರಳಿನಷ್ಟು ದಪ್ಪವೂ ಇಲ್ಲ.

ಈಗ ಬಾಣಲೆ ಹಿಡೀರಿ. ನಮ್ಮ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಮರಳು ತೊಳೆದು ಚಿನ್ನ ತೆಗೀತಿದ್ರಲ್ಲ, ಅಲ್ಲಿ ಬಿಡಿ ಚಿನ್ನ: ಬಡಿದರೆ ತಟ್ಟೆಯಾಗತ್ತೆ, ಭಾರಕ್ಕೆ ತಳದಲ್ಲಿ ಕೂರತ್ತೆ. ಕ್ಯಾಲವರೈಟ್ ಬಡಿದರೆ ಪುಡಿ. ಸಾಂದ್ರತೆ ಚಿನ್ನದ ಅರ್ಧದಷ್ಟು. ನುಣ್ಣಗಾಗಿ ಕೆಸರಿನ ಜೊತೆ ತೊಳೆದು ಹೋಗತ್ತೆ! ಪಾದರಸ ಹಾಕಿದ್ರೂ ಸರಿಯಾಗಿ ಹಿಡಿಯಲ್ಲ. ಕೋಲಾರದ ಚಿನ್ನ ಬಹುಪಾಲು ಬಿಳಿಗಲ್ಲಿನಲ್ಲಿ ಬಿಡಿ ಲೋಹ, ಅದನ್ನ ಪಾದರಸ ಹಿಡೀತಿತ್ತು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

"ಮೇಲ್ಪದರ ಹವೆಗೆ ಕೊಳೆತು ಚಿನ್ನ ಬಿಡಿಯಾಗಲ್ವಾ?" ಆಗತ್ತೆ, ಆದರೆ ಸ್ಪಂಜಿನಂಥ ಕಂದು ಪುಡಿಯಾಗಿ. ಒಂದಿಷ್ಟೂ ಹೊಳಪಿಲ್ಲ. ಕಾಣಲಿಲ್ಲ ಅಂದ್ರೆ ಕಾಣೋ ಹಾಗಿರಲಿಲ್ಲ!

"ಹಾಗಾದ್ರೆ ಆ ಲಾಟರಿಯವನು, 1890ರಲ್ಲಿ ಚಿನ್ನ ಕಂಡ ವೋಮ್ಯಾಕ್‌ಗೆ ಹೇಗೆ ಸಿಕ್ತು?" ಆತ ವರ್ಷಗಟ್ಟಲೆ ಬಿಡಿಗಲ್ಲುಗಳ ಜಾಡು ಹಿಡಿದು ಅಲೆದ, ಕಲ್ಲನ್ನ ಪರೀಕ್ಷೆಗೆ ಕೊಟ್ಟ. ಆ ಪರೀಕ್ಷೆ ಹೀಗೆ: ಕಲ್ಲು ಪುಡಿ ಮಾಡಿ, ಸೀಸದ ಆಕ್ಸೈಡ್ ಮತ್ತು ಕಲ್ಲು ಕರಗೋಕೆ ನೆರವಾಗೋ ಪುಡಿ (ಫ್ಲಕ್ಸ್) ಬೆರೆಸಿ ಕುಲುಮೇಲಿ ಕರಗಿಸಬೇಕು. ಬಂದ ಸೀಸದ ಗುಂಡನ್ನ ಮೂಳೆಬೂದಿಯ ಬಟ್ಟಲಲ್ಲಿ ಕಾಯಿಸಿದ್ರೆ ಸೀಸವನ್ನ ಬಟ್ಟಲು ಹೀರ್ಕೊಳ್ಳತ್ತೆ, ಚಿನ್ನದ ಪುಟ್ಟ ಮಣಿ ಉಳಿಯತ್ತೆ. ಅದರಲ್ಲಿ ಬೆಳ್ಳಿಯೂ ಇರತ್ತೆ, ಅದನ್ನ ನೈಟ್ರಿಕ್ ಆಮ್ಲದಲ್ಲಿ ಬಿಡಿಸಿ ಉಳಿದದ್ದನ್ನ ತೂಗಬೇಕು. ಇದು ಲಾಟರೀನಾ? ಅದೂ 1884ರಲ್ಲಿ ಹತ್ತಿರದ ಪಿಸ್ಗಾ ಬೆಟ್ಟದ ಹೆಸರಲ್ಲಿ ಯಾರೋ ಕಲ್ಲಿಗೆ ಚಿನ್ನ ಬೆರೆಸಿ ಜನಕ್ಕೆ ಟೋಪಿ ಹಾಕಿದ್ರು. ಆಮೇಲೆ ಆ ಕಡೆಯ ಚಿನ್ನ ಅಂದ್ರೆ ಯಾರು ನಂಬ್ತಾರೆ?

ಸಿಕ್ಕಿದ ಮೇಲೂ ಸುಲಭ ಇಲ್ಲ. ಅದಿರನ್ನ ಹುರಿದು ಟೆಲ್ಯೂರಿಯಂ ಓಡಿಸಬೇಕು, ಕಾವು ನಿಧಾನಕ್ಕೆ ಏರಬೇಕು. ಕ್ಯಾಲವರೈಟ್ 464 ಡಿಗ್ರಿಗೇ ಕರಗತ್ತೆ, ಅವಸರ ಮಾಡಿದ್ರೆ ಚಿನ್ನ ಅಂಟಿನೊಳಗೆ ಸಿಕ್ಕಿಬೀಳತ್ತೆ. ಆಮೇಲೆ ಕ್ಲೋರಿನ್, ಇಲ್ಲಾ ಸೈನೈಡ್ ಹಾಕಿ ಚಿನ್ನವನ್ನ ಕರಗಿಸಿ ತೆಗೀಬೇಕು. ಸೈನೈಡ್ ಕಥೆ ಮುಂದಿನ ವಾರ, ಬೆಲ್ ಒತ್ತಿಟ್ಕೊಳ್ಳಿ! ಹುರಿಯೋ ಹೊಗೆ ಮಾತ್ರ ಉಸಿರಾಡಬೇಡಿ. ಟೆಲ್ಯೂರಿಯಂ ಮೈಗೆ ಹೋದ್ರೆ ಬಾಯಿ ದಿನಗಟ್ಟಲೆ ಬೆಳ್ಳುಳ್ಳಿ ನಾರತ್ತೆ, ಮದುವೆ ಮನೆಗೂ ಹೋಗೋಕಾಗಲ್ಲ.

ಆಸ್ಟ್ರೇಲಿಯಾದ ಕಲ್ಗೂರ್ಲಿಯಲ್ಲಿ ಇಂಥದ್ದೇ ಕಲ್ಲನ್ನ ಕಸ ಅಂತ ರಸ್ತೆಗೆ ಹಾಕಿದ್ರು. ಅವರೂ ದಡ್ಡರಾ? ಎಲ್ಲರೂ ದಡ್ಡರು, ಕಾಮೆಂಟ್ ಹಾಕಿದವರೊಬ್ಬರೇ ಜಾಣರಾ? ಚಿನ್ನದ ಥರ ಇರಲಿಲ್ಲ ಅಂತ ಇನ್ನೆಷ್ಟು ಸಲ ಹೇಳಲಿ! 1859ರಲ್ಲಿ ನಿಮ್ಮ ಕೈಗೂ ಬಾಣಲೆ ಕೊಟ್ಟು ಆ ಹೊಳೆಯಲ್ಲಿ ನಿಲ್ಲಿಸಿದ್ದಿದ್ರೆ, ಸಂಜೆ ಹೊತ್ತಿಗೆ ನೀವೂ ದನ ಮೇಯಿಸೋಕೆ ಹೋಗ್ತಿದ್ರಿ.