ಎರಡು ರೈಫಲ್, ಒಂದೇ ಮದ್ದು

ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ರೈಫಲ್ ಗುರಿ ಅಭ್ಯಾಸಕ್ಕೆ ಇಳಿದವರ ಮನೆಯಲ್ಲಿ ಸಾಮಾನ್ಯವಾಗಿ ಕಾಣುವ ಜೋಡಿ .223 ರೆಮಿಂಗ್ಟನ್ ಮತ್ತು .308 ವಿಂಚೆಸ್ಟರ್ ಎಂಬ ಎರಡು ತೋಟಾಗಳ ರೈಫಲ್‌ಗಳು. ಸ್ವಂತ ತೋಟಾ ತುಂಬಲು ಶುರು ಮಾಡಿದ ದಿನವೇ ಪ್ರಶ್ನೆ ಏಳುತ್ತದೆ: ಎರಡಕ್ಕೂ ಒಂದೇ ಮದ್ದು ಸಾಕೇ? ಸಾಕು. ಆದರೆ ಯಾವ ಷರತ್ತಿನ ಮೇಲೆ ಸಾಕು ಎಂಬುದೇ ಇವತ್ತಿನ ವಿಷಯ.

ಮೊದಲು ಕಾನೂನಿನ ಮಾತು. ನಾನು ಹೇಳುವುದೆಲ್ಲ ಅಮೆರಿಕಕ್ಕೆ ಸಂಬಂಧಿಸಿದ್ದು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ತೋಟಾ ತಯಾರಿಸುವಂತಿಲ್ಲ. ಕೊಡಗಿನವರಿಗಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ, ತೋಟಾ ತುಂಬುವುದಕ್ಕಲ್ಲ. ಇಲ್ಲಿ ಕಲಿತದ್ದನ್ನು ರಜೆಗೆ ಊರಿಗೆ ಹೋದಾಗ ಮಾಡಿ ತೋರಿಸಲು ಹೋಗಬೇಡಿ.

ಈಗ ಈ ಮೇಜಿನ ಮೇಲೆ ನೋಡಿ. ಒಮ್ಮೆ ಹಾರಿಸಿದ ಎರಡು ಖಾಲಿ ಕೇಸ್‌ಗಳಿವೆ, ಒಂದು .308, ಇನ್ನೊಂದು .223. ಹಳೆಯ ಪ್ರೈಮರ್, ಅಂದರೆ ಮದ್ದಿಗೆ ಕಿಡಿ ಹಚ್ಚುವ ತಳದ ಪುಟ್ಟ ಬಟ್ಟಲು, ತೆಗೆದಿಲ್ಲ, ಅದು ತಳದ ತೂತನ್ನು ಮುಚ್ಚಿಕೊಂಡಿರಲಿ. ಒಣ ಕೇಸ್ ತೂಗಿ, ಬಾಯಿಯ ಮಟ್ಟಕ್ಕೆ ನೀರು ತುಂಬಿ ಮತ್ತೆ ತೂಗಿ, ಮೊದಲ ತೂಕ ಕಳೆಯಿರಿ. ನೀರಿಗೆ ಪಾತ್ರೆ ತೊಳೆಯುವ ಸೋಪು ಒಂದು ಹನಿ ಬೆರೆಸಿದರೆ ಒಳಗೆ ಗುಳ್ಳೆ ನಿಲ್ಲುವುದಿಲ್ಲ. .308ರಲ್ಲಿ ಸುಮಾರು 56 ಗ್ರೇನ್ ನೀರು ಹಿಡಿಯುತ್ತದೆ, .223ರಲ್ಲಿ ಸುಮಾರು 30. ಒಂದು ಗ್ರೇನ್ ಅಂದರೆ ಹತ್ತಿರ ಹತ್ತಿರ 65 ಮಿಲಿಗ್ರಾಂ. ಕೇಸ್ ಯಾವ ಕಂಪನಿಯದು ಎಂಬುದರ ಮೇಲೆ ಒಂದೆರಡು ಗ್ರೇನ್ ಹೆಚ್ಚುಕಡಿಮೆ ಬರುತ್ತದೆ. .308ರ ಸೈನ್ಯದ ರೂಪವಾದ 7.62 ನೇಟೋ ಕೇಸ್‌ಗಳ ಗೋಡೆ ಸಾಮಾನ್ಯವಾಗಿ ದಪ್ಪ, ಒಳಗಿನ ಜಾಗ ಕಡಿಮೆ. ಅಷ್ಟೇ ಮದ್ದು ಹಾಕಿದರೂ ಒತ್ತಡ ಏರುತ್ತದೆ.

ಒಂದು ಇನ್ನೊಂದರ ಹೆಚ್ಚುಕಡಿಮೆ ಎರಡರಷ್ಟು ದೊಡ್ಡದು, ಹಾಗಾದರೆ ಒಂದೇ ಮದ್ದು ಹೇಗೆ ಹೊಂದೀತು ಅನಿಸುತ್ತದೆ. ಕೇಸ್‌ನ ಗಾತ್ರ ಒಂದನ್ನೇ ನೋಡಿದರೆ ಉತ್ತರ ಸಿಗುವುದಿಲ್ಲ. ಉರಿದ ಅನಿಲಕ್ಕೆ ಹೊರಗೆ ಹೋಗಲು ಎಷ್ಟು ಅಗಲದ ದಾರಿ ಇದೆ ಎಂಬುದನ್ನೂ ನೋಡಬೇಕು. .308 ಇಂಚು ವ್ಯಾಸದ ಗುಂಡಿನ ಅಡ್ಡ ವಿಸ್ತೀರ್ಣ 0.0745 ಚದರ ಇಂಚು. .223ರ ಗುಂಡಿನ ನಿಜವಾದ ವ್ಯಾಸ .224 ಇಂಚು, ವಿಸ್ತೀರ್ಣ 0.0394. ನೀರಿನ ತೂಕವನ್ನು ಇದರಿಂದ ಭಾಗಿಸಿ. .308ಕ್ಕೆ ಸುಮಾರು 750 ಬರುತ್ತದೆ, .223ಕ್ಕೆ ಸುಮಾರು 760. ಎರಡೂ ಹೆಚ್ಚುಕಡಿಮೆ ಒಂದೇ! ದೊಡ್ಡ ಕೊಳಾಯಿಗೆ ದೊಡ್ಡ ತೊಟ್ಟಿ, ಸಣ್ಣ ಕೊಳಾಯಿಗೆ ಸಣ್ಣ ತೊಟ್ಟಿ. ಈ ಜೋಡಿ ಒಂದೇ ಡಬ್ಬಿಯ ಮದ್ದಿಗೆ ಒಗ್ಗುವುದರ ಗುಟ್ಟು ಇದು.

ಇದೇ ಲೆಕ್ಕವನ್ನು .243 ವಿಂಚೆಸ್ಟರ್‌ಗೆ ಹಾಕಿ. ಅದು .308ರ ಕೇಸ್‌ನ ಕತ್ತನ್ನು ಕಿರಿದು ಮಾಡಿ ಹುಟ್ಟಿದ ತೋಟಾ, ನೀರು ಸುಮಾರು 54 ಗ್ರೇನ್. ಅನುಪಾತ ಮಾತ್ರ 1160ರ ಆಸುಪಾಸಿಗೆ ಹಾರುತ್ತದೆ, ಅದಕ್ಕೆ ನಿಧಾನ ಉರಿಯುವ ಮದ್ದು ಬೇಕು. ಅಂದರೆ ಒಡಹುಟ್ಟಿದ .308 ಮತ್ತು .243ಕ್ಕಿಂತ ನೆಂಟಸ್ತನವೇ ಇಲ್ಲದ .308 ಮತ್ತು .223 ಮದ್ದಿನ ವಿಷಯದಲ್ಲಿ ಹತ್ತಿರ. ಎರಡು ಕೇಸ್ ನೋಡಲು ಒಂದೇ ಥರ ಇವೆ ಎಂದು ಮದ್ದು ಹಂಚಿಕೊಳ್ಳಬಾರದು ಅನ್ನುವುದು ಇದಕ್ಕೇ.

ಮುಂದಿನದು ಗುಂಡಿನ ತೂಕ. ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಗುಂಡು ಅದರ ವ್ಯಾಸಕ್ಕೆ ಹೋಲಿಸಿದರೆ ಎಷ್ಟು ಭಾರ ಎಂಬುದಕ್ಕೆ ಒಂದು ಸಂಖ್ಯೆಯಿದೆ: ಪೌಂಡಿನಲ್ಲಿ ತೂಕ, ಭಾಗಿಸು ವ್ಯಾಸದ ವರ್ಗ. .308ರ 168 ಗ್ರೇನ್ ಗುಂಡಿಗೆ ಅದು 0.253. .223ರ 77 ಗ್ರೇನಿಗೆ 0.219, 69 ಗ್ರೇನಿಗೆ 0.196, ಎಲ್ಲೆಡೆ ಅಗ್ಗಕ್ಕೆ ಸಿಗುವ 55 ಗ್ರೇನಿಗೆ ಬರೀ 0.157. ಹಗುರ ಗುಂಡು ಬೇಗ ಜಾಗ ಬಿಟ್ಟು ಓಡುತ್ತದೆ, ಹಿಂದೆ ಒತ್ತಡ ಕಟ್ಟಿಕೊಳ್ಳಲು ಸಮಯ ಕೊಡುವುದಿಲ್ಲ. ಆದ್ದರಿಂದ .308ಕ್ಕೆ ಸರಿಹೋದ ಮದ್ದು 55 ಗ್ರೇನ್ ಗುಂಡಿಗೆ ಸ್ವಲ್ಪ ನಿಧಾನ ಅನಿಸುತ್ತದೆ. ಕೇಸ್ ತುಂಬಿದರೂ ವೇಗ ಬರುವುದಿಲ್ಲ. 69 ಅಥವಾ 77 ಗ್ರೇನಿಗೆ ಹೋದರೆ ಎರಡೂ ತೋಟಾಗಳು ಹತ್ತಿರ ಬರುತ್ತವೆ. ನಳಿಗೆಯ ಒಳಗೆ ಗುಂಡನ್ನು ತಿರುಗಿಸುವ ಗೀರುಗಳ ತಿರುವು ನೋಡಿಕೊಳ್ಳಿ: 69ಕ್ಕೆ 9 ಇಂಚಿಗೊಂದು ಸುತ್ತು, 77ಕ್ಕೆ 8 ಅಥವಾ 7 ಇಂಚಿಗೊಂದು. ಹಳೆಯ 12 ಇಂಚಿನ ತಿರುವಿನ ನಳಿಗೆಯಲ್ಲಿ ಈ ಉದ್ದ ಗುಂಡುಗಳು ಸ್ಥಿರವಾಗಿ ಹಾರುವುದಿಲ್ಲ.

ಹಾಗಾದರೆ ಯಾವ ಮದ್ದು? ಭಾರದ ಗುಂಡುಗಳ ಜೋಡಿಗೆ ನನ್ನ ಆಯ್ಕೆ ವಾರ್ಗೆಟ್. ಆಸ್ಟ್ರೇಲಿಯಾದಲ್ಲಿ ತಯಾರಾಗಿ ಇಲ್ಲಿ ಹಾಜ್ಡನ್ ಹೆಸರಲ್ಲಿ ಮಾರಾಟವಾಗುತ್ತದೆ. ಅಲ್ಲಿ ಅದರ ಹೆಸರು ಎಆರ್ 2208. ಬಿಸಿಲು ಚಳಿಗೆ ಅದರ ವೇಗ ಹೆಚ್ಚು ಏರಿಳಿಯುವುದಿಲ್ಲ. ಜನವರಿಯಲ್ಲಿ ಹೊಂದಿಸಿದ ತೋಟಾವನ್ನು ಆಗಸ್ಟಿನ ಅರಿಜೋನಾ ಬಿಸಿಲಲ್ಲಿ ಹಾರಿಸುವವರಿಗೆ ಇದು ದೊಡ್ಡ ನೆಮ್ಮದಿ. 55 ಗ್ರೇನನ್ನೂ ಬಿಡಲಾರೆ ಅನ್ನುವವರಿಗೆ ಎಚ್ 4895 ಹೆಚ್ಚು ಸರಿ, ಅದು ವಾರ್ಗೆಟ್‌ಗಿಂತ ಕೊಂಚ ಚುರುಕು. ಕಡಿಮೆ ಒದೆತದ ತೋಟಾ ಬೇಕೆಂದರೂ ಅದೇ ಅನುಕೂಲ: ಮದ್ದಿನ ಪ್ರಮಾಣಗಳ ಪುಸ್ತಕದಲ್ಲಿರುವ ಗರಿಷ್ಠದ 60 ಶೇಕಡದವರೆಗೂ ಇಳಿಸಬಹುದೆಂದು ಹಾಜ್ಡನ್ ಕಂಪನಿಯೇ ಹೇಳುತ್ತದೆ. ಈ ಮಾತು ಎಚ್ 4895ಕ್ಕೆ ಮಾತ್ರ, ಬೇರೆ ಮದ್ದಿಗೆ ಹಚ್ಚಬೇಡಿ. ಐಎಂಆರ್ 4895 ಎಂಬ ಇನ್ನೊಂದಿದೆ, ಸಂಖ್ಯೆ ಒಂದೇ, ಮದ್ದು ಬೇರೆ. ಅಂಗಡಿಯಲ್ಲಿ ಅಕ್ಷರ ಓದಿ ತೆಗೆದುಕೊಳ್ಳಿ.

ಎಷ್ಟು ಗ್ರೇನ್ ಹಾಕಬೇಕೆಂದು ಈ ವೇದಿಕೆಯಿಂದ ಹೇಳುವುದಿಲ್ಲ, ಬೇಕೆಂದೇ. ಮದ್ದು ಮತ್ತು ಗುಂಡು ತಯಾರಿಸುವ ಕಂಪನಿಗಳ ಈಗಿನ ಪಟ್ಟಿಯಲ್ಲಿ ನಿಮ್ಮ ಗುಂಡು, ನಿಮ್ಮ ಪ್ರೈಮರ್ ಇರುವ ಸಾಲನ್ನೇ ಹಿಡಿಯಿರಿ. ಆರಂಭದ ಪ್ರಮಾಣ ಕೊಟ್ಟಿರದಿದ್ದರೆ ಗರಿಷ್ಠಕ್ಕಿಂತ 10 ಶೇಕಡ ಕೆಳಗಿನಿಂದ ಶುರು ಮಾಡಿ. ಖರೀದಿಯ ಅಂದಾಜಿಗೆ ಮಾತ್ರ .308ಕ್ಕೆ 44, .223ಕ್ಕೆ 25 ಅಂದುಕೊಳ್ಳೋಣ. ಒಂದು ಪೌಂಡಿಗೆ 7000 ಗ್ರೇನ್, ಎಂಟು ಪೌಂಡಿನ ಡಬ್ಬಿಗೆ 56,000. ಅದರಲ್ಲಿ 600 ದೊಡ್ಡ ತೋಟಾ ತುಂಬಿದರೆ 26,400 ಖರ್ಚು, ಉಳಿದ 29,600ರಲ್ಲಿ 1184 ಸಣ್ಣವು. ಇಷ್ಟೂ ಒಂದೇ ಲಾಟ್‌ನ, ಅಂದರೆ ಒಂದೇ ಸಲ ತಯಾರಾದ, ಮದ್ದಿನಿಂದ! ಒಂದೇ ಮದ್ದು ಆರಿಸುವುದರ ನಿಜವಾದ ಲಾಭ ಇದು. ಲಾಟ್ ಬದಲಾದಾಗಲೆಲ್ಲ ಪ್ರಮಾಣ ಇಳಿಸಿ ಮತ್ತೆ ಮೆಲ್ಲಗೆ ಏರುವ ಕೆಲಸ ಇದ್ದೇ ಇದೆ. ಅದು ವರ್ಷಕ್ಕೊಮ್ಮೆ ಬಂದರೆ ಸಾಕು.

ಮೆಲ್ಲಗೆ ಏರುವಾಗ ಪ್ರೈಮರ್ ಚಪ್ಪಟೆಯಾಗಿದೆಯೇ ಎಂಬುದೊಂದನ್ನೇ ನಂಬಿ ಕೂರಬೇಡಿ, ಪ್ರೈಮರ್‌ನ ಗಡಸುತನ ಒಂದೊಂದು ಕಂಪನಿಗೆ ಒಂದೊಂದು ಥರ. ಬೋಲ್ಟ್ ಎತ್ತಲು ಬಿಗಿಯಾದರೆ, ಕೇಸ್‌ನ ತಳದಲ್ಲಿ ಎಜೆಕ್ಟರ್‌ನ (ಖಾಲಿ ಕೇಸ್ ಹೊರಗೆ ತಳ್ಳುವ ಮೊಳೆಯ) ಹೊಳೆಯುವ ಗುರುತು ಬಿದ್ದರೆ ಆಗಲೇ ಮಿತಿ ದಾಟಿದ್ದೀರಿ. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಹೆಚ್ಚು ಪ್ರಾಮಾಣಿಕ. ಅಷ್ಟೇ ಉದ್ದದ ನಳಿಗೆಯಲ್ಲಿ ಪುಸ್ತಕದ ಗರಿಷ್ಠ ವೇಗ ಬಂದುಬಿಟ್ಟರೆ, ಪುಸ್ತಕ ಇನ್ನೂ ಅರ್ಧ ಗ್ರೇನ್ ಉಳಿದಿದೆ ಅಂದರೂ ಅಲ್ಲೇ ನಿಲ್ಲಿ. ಎರಡರ ಒತ್ತಡದ ಮಿತಿಯೂ ಒಂದಲ್ಲ: .308ಕ್ಕೆ 62,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್), .223ಕ್ಕೆ 55,000. ದೊಡ್ಡದರಲ್ಲಿ ತಡೆದುಕೊಂಡಿತೆಂದು ಸಣ್ಣದರಲ್ಲೂ ಅದೇ ಧೈರ್ಯ ಮಾಡಬೇಡಿ.

ಈಗ ಹತ್ತಿರ ಬಂದು ಈ ಕಾಳುಗಳನ್ನು ನೋಡಿ. ವಾರ್ಗೆಟ್ ಸಣ್ಣ ಕಡ್ಡಿ ತುಂಡುಗಳಂತೆ ಇರುತ್ತದೆ. .308ರ ಬಾಯಲ್ಲಿ ಸಲೀಸಾಗಿ ಇಳಿಯುತ್ತದೆ. .223ರ ಬಾಯಿ ಕಿರಿದು, ಫನೆಲ್‌ನ ತುದಿಯಲ್ಲಿ ನಾಲ್ಕೈದು ಕಡ್ಡಿ ಅಡ್ಡಡ್ಡ ಸಿಕ್ಕಿಕೊಂಡು ಸೇತುವೆ ಕಟ್ಟುತ್ತವೆ. ಆ ಕೇಸ್‌ಗೆ ಅರ್ಧ ಮದ್ದು ಬೀಳುತ್ತದೆ. ನೀವು ಮುಂದಿನ ಕೇಸ್ ಇಟ್ಟು ಮೆಷರ್ (ಮದ್ದಿನ ಪಾಲು ಅಳೆದು ಸುರಿಸುವ ಸಾಧನ) ತಟ್ಟಿದಾಗ ಹಳೆಯ ಉಳಿಕೆಯೂ ಹೊಸ ಪಾಲೂ ಒಟ್ಟಿಗೆ ಇಳಿಯುತ್ತವೆ. ಒಂದು ಕಡಿಮೆ, ಒಂದು ಹೆಚ್ಚು, ಎರಡೂ ಅಪಾಯ. ಆದ್ದರಿಂದ .223ಕ್ಕೆ ಪ್ರತಿ ಪಾಲನ್ನೂ ತಕ್ಕಡಿಯ ಬಟ್ಟಲಲ್ಲಿ ತೂಗಿ, ಉದ್ದ ಕೊಳವೆಯ ಫನೆಲ್‌ನಲ್ಲಿ ನಿಧಾನಕ್ಕೆ ಸುರಿಯಿರಿ. ಉದ್ದ ಕೊಳವೆಯಿಂದ ಇಳಿದ ಕಡ್ಡಿಗಳು ಒತ್ತಾಗಿ ಕೂರುತ್ತವೆ. ಮ್ಯಾಗಜೀನಿಗೆ ಹೊಂದಲು .223 ತೋಟಾದ ಒಟ್ಟು ಉದ್ದ 2.260 ಇಂಚು ಮೀರಬಾರದು, ಹಾಗಾಗಿ ಉದ್ದದ 77 ಗ್ರೇನ್ ಗುಂಡು ಒಳಗಿನ ಜಾಗವನ್ನು ತಿನ್ನುತ್ತದೆ. ಗುಂಡು ಕೂರಿಸುವಾಗ ಮದ್ದು ಕರಕರ ಎನ್ನುವುದು ಆಗಲೇ.

ಒಂದೇ ಮದ್ದು ಇಟ್ಟುಕೊಂಡವರಿಗೆ ಡಬ್ಬಿ ಅದಲುಬದಲಾಗುವ ಭಯ ಇಲ್ಲ. ಅದರ ಬದಲು ಮೆಷರ್‌ನ ಸೆಟ್ಟಿಂಗ್ ಅದಲುಬದಲಾಗುವ ಭಯ ಬರುತ್ತದೆ. 44ರ ಸೆಟ್ಟಿಂಗ್‌ನಲ್ಲಿ .223 ಇಟ್ಟರೆ ಮದ್ದು ಮೇಜಿನ ಮೇಲೆ ಉಕ್ಕಿ ಚೆಲ್ಲುತ್ತದೆ, ಗೊತ್ತಾಗಿಬಿಡುತ್ತದೆ. 25ರ ಸೆಟ್ಟಿಂಗ್‌ನಲ್ಲಿ .308 ಇಟ್ಟರೆ ಸದ್ದಿಲ್ಲದೆ ಅರ್ಧ ಖಾಲಿ ತೋಟಾ ತಯಾರಾಗುತ್ತದೆ. ಅದು ಸರಿಯಾಗಿ ಹೊತ್ತಿಕೊಳ್ಳದೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡರೆ, ಗಮನಿಸದೆ ಹಾರಿಸಿದ ಮುಂದಿನದಕ್ಕೆ ನಳಿಗೆಯೇ ಸಿಡಿದೀತು. ಐವತ್ತು ಕೇಸ್‌ಗಳ ಟ್ರೇ ತುಂಬಿದ ಮೇಲೆ, ಒಂದು ಗುಂಡನ್ನೂ ಕೂರಿಸುವ ಮುಂಚೆ, ಟಾರ್ಚ್ ಹಿಡಿದು ಎಲ್ಲದರ ಒಳಗೂ ನೋಡಿ. ಮದ್ದಿನ ಮಟ್ಟ ಒಂದೇ ಸಮ ಇರಬೇಕು. ಪ್ರೈಮರ್‌ಗಳನ್ನು ಬೇರೆ ಬೇರೆ ಕಪಾಟಿನಲ್ಲಿಡಿ, .308ಕ್ಕೆ ದೊಡ್ಡ ರೈಫಲ್ ಪ್ರೈಮರ್, .223ಕ್ಕೆ ಸಣ್ಣದು. ಸೈನ್ಯದ ಎಂ16ನ್ನು ಹೋಲುವ ಎಆರ್ ಮಾದರಿಯ ರೈಫಲ್‌ನಲ್ಲಿ ಬೋಲ್ಟ್ ಮುಚ್ಚುವಾಗ ಫೈರಿಂಗ್ ಪಿನ್ ತಾನೇ ಮುಂದೆ ಬಂದು ಪ್ರೈಮರನ್ನು ಮುಟ್ಟುತ್ತದೆ, ಅಲ್ಲಿ ಗಟ್ಟಿ ಬಟ್ಟಲಿನ ಪ್ರೈಮರನ್ನೇ ಬಳಸಿ.

ಒಂದೇ ಮದ್ದಿನ ಆಸೆ ಸೈನ್ಯಕ್ಕೂ ಬಂದಿತ್ತು. ಎಂ16 ರೈಫಲ್‌ನ ತೋಟಾವನ್ನು (.223ರ ಸೈನ್ಯದ ರೂಪ, 5.56) ಮೊದಲು ಐಎಂಆರ್ 4475 ಮದ್ದಿನ ಮೇಲೆ ಹೊಂದಿಸಲಾಗಿತ್ತು. 1964ರಲ್ಲಿ ಅಮೆರಿಕದ ಸೇನೆ 7.62 ನೇಟೋ ತೋಟಾದಲ್ಲಿ ಆಗಲೇ ಬಳಕೆಯಲ್ಲಿದ್ದ ಡಬ್ಲ್ಯುಸಿ 846 ಎಂಬ ಉರುಟು ಕಾಳಿನ ಮದ್ದಿಗೆ ಬದಲಾಯಿತು. ಗುಂಡಿನ ವೇಗ ಬಂತು. ಆದರೆ ಆ ಮದ್ದು ರೈಫಲ್‌ನ ಯಂತ್ರವನ್ನು ಅದಕ್ಕೆ ಒಗ್ಗುವುದಕ್ಕಿಂತ ಜೋರಾಗಿ ಓಡಿಸಿತು, ಮಸಿಯೂ ಹೆಚ್ಚಾಯಿತು. ಮದ್ದಿನಲ್ಲಿದ್ದ ಕ್ಯಾಲ್ಸಿಯಂ ಕಾರ್ಬೊನೇಟ್ ಅನಿಲದ ಕೊಳವೆಯಲ್ಲಿ ಗಟ್ಟಿ ಕಟ್ಟಿತು. ಛೇಂಬರ್‌ಗೆ ಕ್ರೋಮ್ ಲೇಪ ಇರಲಿಲ್ಲ, ಸ್ವಚ್ಛ ಮಾಡುವ ಸಲಕರಣೆ ಸಾಕಷ್ಟು ಇರಲಿಲ್ಲ. ವಿಯೆಟ್ನಾಮಿನಲ್ಲಿ ರೈಫಲ್‌ಗಳು ಸಿಕ್ಕಿಕೊಂಡವು, ಸೈನಿಕರು ಸತ್ತರು. 1967ರಲ್ಲಿ ಇಚೋರ್ಡ್ ನೇತೃತ್ವದ ಕಾಂಗ್ರೆಸ್ ಉಪಸಮಿತಿ ಇದನ್ನು ತನಿಖೆ ಮಾಡಿತು. ಕೊನೆಗೆ 5.56ಕ್ಕೆಂದೇ ಕ್ಯಾಲ್ಸಿಯಂ ಕಾರ್ಬೊನೇಟ್ ಕಡಿಮೆ ಇರುವ ಡಬ್ಲ್ಯುಸಿ 844 ಬಂತು. ಕೇಸ್‌ಗೆ ಹೊಂದಿದ ಮದ್ದು ರೈಫಲ್‌ಗೂ ಹೊಂದಬೇಕು. ಅನಿಲದಿಂದ ಓಡುವ ರೈಫಲ್ ನಿಮ್ಮದಾದರೆ ಆರಿಸಿದ ಮದ್ದಿನ ಹತ್ತು ತೋಟಾ ಹಾರಿಸಿ, ಖಾಲಿ ಕೇಸ್ ಎಲ್ಲಿ ಬೀಳುತ್ತದೆ, ಅಂಚು ಕಿತ್ತಿದೆಯೇ, ಕೊನೆಯ ಗುಂಡಿನ ಮೇಲೆ ಬೋಲ್ಟ್ ಹಿಂದೆ ನಿಲ್ಲುತ್ತದೆಯೇ ನೋಡಿದ ಮೇಲೇ ಎಂಟು ಪೌಂಡಿನ ಡಬ್ಬಿ ಕೊಳ್ಳಿ.

ಕೆಲಸ ಮುಗಿದ ರಾತ್ರಿಯೇ ಮೆಷರ್‌ನಲ್ಲಿ ಉಳಿದ ಮದ್ದನ್ನು ಅದರದೇ ಡಬ್ಬಿಗೆ ಸುರಿಯಿರಿ, ಬೇರೆ ಬಾಟಲಿಗಲ್ಲ. ಮನೆಯಲ್ಲಿ ಇಡುವುದಕ್ಕೆ ಅಮೆರಿಕದ ಅಗ್ನಿ ಸುರಕ್ಷತೆಯ ಸಂಸ್ಥೆ ಎನ್‌ಎಫ್‌ಪಿಎಯ ನಿಯಮ 20 ಪೌಂಡ್‌ವರೆಗೆ ಮೂಲ ಡಬ್ಬಿಯಲ್ಲೇ ಅನ್ನುತ್ತದೆ. ನಿಮ್ಮ ಊರಿನ ನಿಯಮ ಇನ್ನೂ ಬಿಗಿ ಇರಬಹುದು, ಕೇಳಿಕೊಳ್ಳಿ. ತಂಪು, ಒಣ ಜಾಗ ಇರಲಿ. ವರ್ಷಕ್ಕೊಮ್ಮೆ ಮುಚ್ಚಳ ತೆಗೆದು ಮೂಸಿ. ಒಳ್ಳೆಯ ಮದ್ದಿಗೆ ತೆಳುವಾದ ಈಥರ್ ವಾಸನೆ ಇರುತ್ತದೆ. ಮೂಗಿಗೆ ಚುಚ್ಚುವ ಆಮ್ಲದ ವಾಸನೆ ಬಂದರೆ, ಕಾಳಿನ ಮೇಲೆ ತುಕ್ಕಿನ ಬಣ್ಣದ ಪುಡಿ ಕಂಡರೆ, ಡಬ್ಬಿ ಎಷ್ಟೇ ತುಂಬಿರಲಿ, ಅದರಿಂದ ಇನ್ನೊಂದು ತೋಟಾ ತುಂಬಬೇಡಿ.