ತಿದ್ದಲು ಕೂತಾಗ ನೀವು ನಿಜವಾಗಿ ಏನು ಮಾಡುತ್ತೀರಿ?

[ತೆರೆಯ ಮೇಲೆ: ಪ್ರಬಂಧದ ಒಂದು ಪುಟ, ತುಂಬಾ ಕೆಂಪು ಗುರುತು]

ನಮಸ್ಕಾರ. ಗೈಡ್ ನಿಮ್ಮ ಸಂಶೋಧನಾ ಪ್ರಬಂಧದ ಅಧ್ಯಾಯ ವಾಪಸ್ ಕೊಟ್ಟು "ಇನ್ನೊಮ್ಮೆ ತಿದ್ದಿಕೊಂಡು ಬನ್ನಿ" ಅನ್ನುತ್ತಾರೆ. ಹೇಗೆ ತಿದ್ದಬೇಕು ಅಂತ ಹೇಳುವವರು ಕಡಿಮೆ. ಹಾಗಾಗಿ ಕಾಗುಣಿತ ನೋಡುತ್ತೇವೆ. 'ಮುಖ್ಯ' ಇದ್ದ ಕಡೆ 'ಮಹತ್ವದ' ಅಂತ ಹಾಕುತ್ತೇವೆ. ಅಡಿಟಿಪ್ಪಣಿ ಸರಿಮಾಡಿ ಮತ್ತೆ ಪ್ರಿಂಟ್ ತೆಗೆಸುತ್ತೇವೆ. ಮುಗೀತು, ಅಲ್ವಾ?

ಎಲ್ಲ ಕಡೆಯೂ ಹೀಗೇ. 1980ರಲ್ಲಿ ಅಮೆರಿಕದ ಬರವಣಿಗೆ ಸಂಶೋಧಕಿ ನ್ಯಾನ್ಸಿ ಸಾಮರ್ಸ್ ಒಂದು ಅಧ್ಯಯನ ಪ್ರಕಟಿಸಿದರು. 20 ಕಾಲೇಜು ವಿದ್ಯಾರ್ಥಿಗಳು, 20 ಅನುಭವಿ ಬರಹಗಾರರು. ಒಬ್ಬೊಬ್ಬರೂ 3 ಪ್ರಬಂಧ ಬರೆದು, ಪ್ರತಿಯೊಂದನ್ನೂ 2 ಸಲ ತಿದ್ದಿ ಬರೆದರು. ವಿದ್ಯಾರ್ಥಿಗಳ ಗಮನವೆಲ್ಲ ಪದಗಳ ಮೇಲೆ. ಅನುಭವಿಗಳು ಮಾತ್ರ ಕರಡಿನೊಳಗೆ ತಮ್ಮ ವಾದ ಎಲ್ಲಿದೆ ಅಂತ ಹುಡುಕುತ್ತಿದ್ದರು. ಓದುವವರು ಏನು ಕೇಳಬಹುದು ಅಂತಲೂ ಯೋಚಿಸುತ್ತಿದ್ದರು.

ನಮ್ಮಲ್ಲಿ ಇನ್ನೊಂದು ಒತ್ತಡ ಇದೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ಕೃತಿಚೌರ್ಯ ನಿಯಮದ ಪ್ರಕಾರ ಬೇರೆಯವರ ಬರಹದ ಜೊತೆ 10%ವರೆಗಿನ ಹೋಲಿಕೆಗೆ ದಂಡನೆ ಇಲ್ಲ. ಆ ಅಂಕಿಯೊಳಗೆ ಬರಲು ಸುಮ್ನೆ ಪದ ಅದಲುಬದಲು ಮಾಡುತ್ತಾ ಕೂರುವವರಿದ್ದಾರೆ. ಅದನ್ನು ತಿದ್ದುವುದು ಅಂತ ಕರೆಯಲು ನನಗಂತೂ ಮನಸ್ಸಿಲ್ಲ.

[ತೆರೆಯ ಮೇಲೆ: ತುಂಗಭದ್ರಾ ಎಡದಂಡೆ ಕಾಲುವೆಯ ನಕ್ಷೆ]

ಈಗ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ವಿಷಯ, ತುಂಗಭದ್ರಾ ಎಡದಂಡೆ ಕಾಲುವೆ ಮತ್ತು ರಾಯಚೂರಿನ ರೈತರು. ಕರಡು ಮುಗಿದ ಮೇಲೆ ಪ್ರತಿ ಪ್ಯಾರಾದ ಪಕ್ಕ ಪೆನ್ಸಿಲ್‌ನಲ್ಲಿ ಒಂದೇ ಸಾಲು ಬರೆಯಿರಿ: ಇಲ್ಲಿ ನಾನು ಹೇಳಿದ್ದೇನು?

ಮೊದಲನೆಯದು, ಅಣೆಕಟ್ಟಿನ ಇತಿಹಾಸ. ಎರಡನೆಯದೂ ಇತಿಹಾಸ. ಮೂರರಲ್ಲಿ ಕಾಲುವೆಯ ಉದ್ದ. ನಾಲ್ಕಕ್ಕೆ ಏನು ಬರೆಯಬೇಕೋ ತಿಳಿಯುವುದಿಲ್ಲ, ಅಂದರೆ ಆ ಪ್ಯಾರಾಗೇ ಕೆಲಸ ಇಲ್ಲ. ಆರಕ್ಕೆ ಬಂದಾಗ ಸಿಗುತ್ತದೆ: ಮೇಲ್ಭಾಗದಲ್ಲಿ ಎಲ್ಲರೂ ಭತ್ತ ಹಾಕಿದರೆ ಕಾಲುವೆಯ ಕೊನೆ ಭಾಗಕ್ಕೆ ನೀರು ತಲುಪುವುದಿಲ್ಲ. ಇಡೀ ಅಧ್ಯಾಯದ ಜೀವ ಇದೇ! ಇದು ಯಾಕೆ ಆರನೇ ಪ್ಯಾರಾದಲ್ಲಿ ಅಡಗಿ ಕೂತಿದೆ? ಬರೆಯುತ್ತಾ ಬರೆಯುತ್ತಾ ನಿಮಗೇ ಅಲ್ಲಿ ಹೊಳೆದಿದೆ, ಅಷ್ಟೇ. ಅದು ತಪ್ಪಲ್ಲ. ಆದರೆ ಓದುವವರನ್ನೂ ಅದೇ ದಾರಿಯಲ್ಲಿ ನಡೆಸಬೇಕಿಲ್ಲ. ಆ ಮಾತನ್ನು ಮುಂದಕ್ಕೆ ತನ್ನಿ. ಇತಿಹಾಸದಲ್ಲಿ ಈ ವಾದಕ್ಕೆ ಬೇಕಾದ್ದಷ್ಟೇ ಉಳಿಯಲಿ. ಪೀಠಿಕೆಯನ್ನು ಕೊನೆಗೆ ಬರೆಯಿರಿ ಅನ್ನುವುದು ಇದಕ್ಕೇ.

ಇನ್ನು ನಿಮ್ಮ ಅಭ್ಯಾಸದ ಮಾತು. ಪ್ರತಿ ಸಲ ಬರೆದು ಏಳುವ ಮುಂಚೆ ಒಂದು ನೋಟ್‌ಬುಕ್‌ನಲ್ಲಿ ಎರಡು ಸಾಲು ಗೀಚಿ: ಎಲ್ಲಿ ಸಿಕ್ಕಿಬಿದ್ದೆ? ಆಗ ಏನು ಮಾಡಿದೆ? ಕೆಲವು ವಾರ ಬಿಟ್ಟು ಒಟ್ಟಿಗೆ ಓದಿ. "ಇನ್ನೊಂದು ಲೇಖನ ಹುಡುಕಿದೆ" ಅಂತಲೇ ಪದೇಪದೇ ಇದ್ದರೆ, ನೀವು ಓದುವ ನೆಪದಲ್ಲಿ ಬರೆಯುವುದನ್ನು ಮುಂದೂಡುತ್ತಿದ್ದೀರಿ. ಸ್ವಲ್ಪ ಮುಜುಗರ ಆಗುತ್ತದೆ, ಆಗಲಿ.

[ತೆರೆಯ ಮೇಲೆ: ಗೈಡ್‌ಗೆ ಕಳಿಸುವ ಇಮೇಲ್]

ಮುಂದಿನ ಸಲ ಅಧ್ಯಾಯ ಕಳಿಸುವಾಗ "ನೋಡಿ ಹೇಳಿ ಸರ್" ಅಂತಷ್ಟೇ ಬರೆಯಬೇಡಿ. "ಕೊನೆ ಭಾಗದ ರೈತರ ಬಗ್ಗೆ ನನ್ನ ಆಧಾರ ಸಾಲದು ಅನ್ನಿಸುತ್ತಿದೆ ಮೇಡಂ, ಅಲ್ಲಿ ಜಾಸ್ತಿ ಗಮನ ಕೊಡಿ" ಅಂತ ಬರೆಯಿರಿ. ಕಾಗುಣಿತವನ್ನು ಬೈಂಡಿಂಗ್‌ಗೆ ಕೊಡುವ ಹಿಂದಿನ ದಿನ ನೋಡಿಕೊಂಡರಾಯಿತು.